ಹಣವಂತರಾಗುವ ದಾರಿ ಹೇಳುವ ಪುಸ್ತಕಗಳು

(ತೋಟದ ಕುಟುಂಬಗಳ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ನಾವು ಪುಸ್ತಕಗಳ ವಿಷಯ ಮಾತನಾಡಲಿದ್ದೇವೆ. ದಿನವೆಲ್ಲ ಎಲೆ ಕಿತ್ತು, ತೂಕದ ಮುಂದೆ ಸಾಲು ನಿಂತು, ಪಾಡಿಗೆ ಬಂದು ಒಲೆ ಹಚ್ಚಿ, ಮಕ್ಕಳಿಗೆ ಉಣ್ಣಲಿಟ್ಟು ಇಲ್ಲಿ ಬಂದು ಕೂತವರಿಗೆ ಪುಸ್ತಕದ ಮಾತು ಏಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣವಿದೆ. ನಮ್ಮ ಪಾಡಿಗಳಲ್ಲಿ ಓದು ಕಲಿತ ಹುಡುಗರು, ಹುಡುಗಿಯರು ಈಗ ಬಹಳ ಮಂದಿ. ಅವರ ಕೈಯಲ್ಲಿ ಬಸ್ ನಿಲ್ದಾಣದ ಅಂಗಡಿಯಿಂದ ತಂದ ಪುಸ್ತಕಗಳನ್ನು ನೋಡುತ್ತೇವೆ. ಹೊದಿಕೆಯ ಮೇಲೆ ದುಡ್ಡಿನ ಚಿತ್ರ, ಕೋಟು ಹಾಕಿದ ಮನುಷ್ಯ. ಒಳಗೆ ಒಂದೇ ಮಾತು: ನೀನೂ ಶ್ರೀಮಂತನಾಗಬಹುದು, ದಾರಿ ನಿನ್ನೊಳಗೇ ಇದೆ.

ಇವು ಕನ್ನಡದಲ್ಲಿವೆ, ತಮಿಳಿನಲ್ಲಿವೆ, ಮಲಯಾಳದಲ್ಲಿವೆ. ಬರೆದವರು ಹೆಚ್ಚಿನವರು ಅಮೆರಿಕದವರು, ಇಂಗ್ಲೆಂಡಿನವರು, ಸತ್ತು ಎಷ್ಟೋ ವರ್ಷವಾದವರು. ಆದರೂ ಪುಸ್ತಕಗಳು ಸಾಯಲಿಲ್ಲ. ಏಕೆ ಸಾಯಲಿಲ್ಲ, ಅವುಗಳಲ್ಲಿ ನಮಗೆ ಬೇಕಾದದ್ದೇನು, ಬೇಡವಾದದ್ದೇನು ಎಂಬುದನ್ನು ಒಟ್ಟಿಗೆ ಕೂತು ನೋಡೋಣ. ಪುಸ್ತಕ ಓದುವ ಮಗನನ್ನು ಬೈಯುವುದಕ್ಕಾಗಿ ಈ ಮಾತಲ್ಲ. ಓದಿದವರೊಡನೆ ಕೂತು ಮಾತನಾಡುವಷ್ಟು ತಿಳಿವಳಿಕೆ ನಮಗೂ ಇರಲಿ ಎಂಬುದಕ್ಕಾಗಿ.

ಮೇಣದ ಬತ್ತಿ ಮಾಡುವವನ ಮಗ

ಮೊದಲು ಬೆಂಜಮಿನ್ ಫ್ರಾಂಕ್ಲಿನ್. ಅಮೆರಿಕದ ಬಾಸ್ಟನ್ ಊರಲ್ಲಿ 1706ರಲ್ಲಿ ಹುಟ್ಟಿದ. ತಂದೆ ಮೇಣದ ಬತ್ತಿ, ಸಾಬೂನು ಮಾಡುವವನು. ಆ ತಂದೆಗೆ 17 ಮಕ್ಕಳು. ಹುಡುಗ ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿತ, 1723ರಲ್ಲಿ ಅಲ್ಲಿಂದ ಓಡಿಹೋಗಿ ಫಿಲಡೆಲ್ಫಿಯಾ ಸೇರಿದ, ಸ್ವಂತ ಅಚ್ಚುಕೂಟ ಇಟ್ಟ. ವರ್ಷವರ್ಷವೂ ಒಂದು ಪಂಚಾಂಗ ಅಚ್ಚುಹಾಕಿ, ಅದರೊಳಗೆ ದುಡಿಮೆ, ಮಿತವ್ಯಯ, ಸಾಲದ ಭಯ ಇವುಗಳ ಬಗ್ಗೆ ಗಾದೆಗಳಂಥ ಮಾತು ಸೇರಿಸುತ್ತಿದ್ದ. 1758ರ ಪಂಚಾಂಗಕ್ಕೆ ಬರೆದ ಮುನ್ನುಡಿಯೇ ಮುಂದೆ 'ಸಂಪತ್ತಿನ ಮಾರ್ಗ' ಎಂಬ ಹೆಸರಿನ ಚಿಕ್ಕ ಪುಸ್ತಕವಾಗಿ ಲೋಕವೆಲ್ಲ ಹರಡಿತು.

ಅದರಲ್ಲಿ ಒಂದು ತಮಾಷೆಯಿದೆ. ಹರಾಜು ನಡೆಯುವ ಸ್ಥಳದಲ್ಲಿ ಜನ ತೆರಿಗೆಯ ಭಾರವನ್ನು ದೂರುತ್ತಾ ನಿಂತಿರುತ್ತಾರೆ. ಒಬ್ಬ ಮುದುಕ ಎದ್ದು ಸೋಮಾರಿತನ ಬಿಡಿ, ಸಾಲ ಮಾಡಬೇಡಿ ಎಂದು ಉದ್ದಕ್ಕೂ ಬುದ್ಧಿ ಹೇಳುತ್ತಾನೆ. ಜನರೆಲ್ಲ ತಲೆದೂಗುತ್ತಾರೆ. ಹರಾಜು ಶುರುವಾದ ಕೂಡಲೇ ಬೇಡದ ಸಾಮಾನನ್ನೆಲ್ಲ ಕೊಳ್ಳಲು ಮುನ್ನುಗ್ಗುತ್ತಾರೆ! ಬೋನಸ್ ಬಂದ ವಾರ ಸಂತೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಫ್ರಾಂಕ್ಲಿನ್ ಮಾಡಿದ ಇನ್ನೊಂದು ಕೆಲಸವನ್ನು ಹಣದ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. 1727ರಲ್ಲಿ ಅವನು ತನ್ನಂಥ ಕಸುಬುದಾರರನ್ನು ಸೇರಿಸಿ ಒಂದು ಕೂಟ ಮಾಡಿದ. ಒಬ್ಬೊಬ್ಬರಿಗೇ ಪುಸ್ತಕ ಕೊಳ್ಳುವ ಶಕ್ತಿ ಇರಲಿಲ್ಲ. ಆದ್ದರಿಂದ 1731ರಲ್ಲಿ 50 ಮಂದಿ ತಲಾ 40 ಶಿಲ್ಲಿಂಗ್ ಹಾಕಿ, ಆಮೇಲೆ ವರ್ಷಕ್ಕೆ 10 ಶಿಲ್ಲಿಂಗ್ ಕೊಡುವುದೆಂದು ಗೊತ್ತುಮಾಡಿ ಒಂದು ಗ್ರಂಥಾಲಯ ಕಟ್ಟಿದರು. 1736ರಲ್ಲಿ ಮನೆಗೆ ಬೆಂಕಿ ಬಿದ್ದರೆ ಒಬ್ಬರಿಗೊಬ್ಬರು ಓಡಿಬರುವ ಸಂಘ ಮಾಡಿದರು. ಒಬ್ಬನೇ ಮೇಲೆ ಬಂದ ಎಂದು ಹೇಳುವ ಕಥೆಯ ಹಿಂದೆ ಎಷ್ಟು ಕೈಗಳಿದ್ದವು ನೋಡಿ.

ಲೀಡ್ಸ್ ಊರಿನ ಹುಡುಗರು

ಎರಡನೆಯವನು ಸ್ಕಾಟ್ಲೆಂಡಿನ ಸ್ಯಾಮುಯೆಲ್ ಸ್ಮೈಲ್ಸ್. ಅವನ ಪುಸ್ತಕ 1859ರಲ್ಲಿ ಬಂತು. ಹೆಸರು 'ಸೆಲ್ಫ್ ಹೆಲ್ಪ್', ಅಂದರೆ ಸ್ವಸಹಾಯ. ಮೊದಲ ವರ್ಷವೇ ಸುಮಾರು 20,000 ಪ್ರತಿಗಳು ಮಾರಾಟವಾದವು. 1904ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಎರಡೂವರೆ ಲಕ್ಷ. 1871ರಲ್ಲಿ ಜಪಾನೀ ಭಾಷೆಗೂ ಹೋಗಿ ಅಲ್ಲಿನ ಯುವಕರ ಕೈಪಿಡಿಯಾಯಿತು.

ಆ ಪುಸ್ತಕ ಹುಟ್ಟಿದ ರೀತಿ ನಮಗೆ ಹತ್ತಿರದ್ದು. ಲೀಡ್ಸ್ ಎಂಬ ಗಿರಣಿಗಳ ಊರಿನಲ್ಲಿ ಕೆಲವು ಕೂಲಿ ಹುಡುಗರು ಕೆಲಸ ಮುಗಿದ ಮೇಲೆ ಸೇರಿ, ತಿಳಿದವನು ತಿಳಿಯದವನಿಗೆ ಓದು ಬರಹ, ಲೆಕ್ಕ ಹೇಳಿಕೊಡುತ್ತಿದ್ದರು. ಮೊದಲು ಎರಡು ಮೂರು ಮಂದಿ, ಆಮೇಲೆ ನೂರರ ಹತ್ತಿರ. ಅವರಿಗೆ ಸಿಕ್ಕಿದ ಜಾಗ ಯಾವುದು ಗೊತ್ತೇ? ಕಾಲರಾ ಬಂದಾಗ ರೋಗಿಗಳನ್ನು ಇಟ್ಟಿದ್ದ ಕೋಣೆ. ಭಯದಿಂದ ಬೇರೆ ಯಾರೂ ಅದನ್ನು ಬಾಡಿಗೆಗೆ ಹಿಡಿಯುತ್ತಿರಲಿಲ್ಲ. ಅಲ್ಲಿಗೆ 1845ರಲ್ಲಿ ಸ್ಮೈಲ್ಸನನ್ನು ಮಾತನಾಡಲು ಕರೆದರು. ಆ ಮಾತುಗಳೇ ಬೆಳೆದು ಪುಸ್ತಕವಾಯಿತು.

ಒಬ್ಬರಿಗೊಬ್ಬರು ಕಲಿಸಿದ ಕೂಟದಿಂದ ಹುಟ್ಟಿದ ಪುಸ್ತಕಕ್ಕೆ 'ಸ್ವಸಹಾಯ' ಎಂದು ಹೆಸರಿಟ್ಟದ್ದರಿಂದ ಜನ ಅದನ್ನು ಸ್ವಾರ್ಥದ ಪಾಠವೆಂದು ತಿಳಿದರು. ಸ್ಮೈಲ್ಸನೇ ಮುಂದಿನ ಮುದ್ರಣದ ಮುನ್ನುಡಿಯಲ್ಲಿ ಇದಕ್ಕಾಗಿ ಬೇಸರಪಟ್ಟುಕೊಂಡ. ತಾಳ್ಮೆ, ನಡತೆ, ಕೈಕೆಲಸದ ಗೌರವ ಇವುಗಳ ಬಗ್ಗೆ ಅವನು ಬರೆದದ್ದರಲ್ಲಿ ಒಳ್ಳೆಯದು ಬಹಳವಿದೆ. ಆದರೆ ಪುಸ್ತಕದ ತುಂಬ ಕಂಡುಬರುವವರು ಗಂಡಸರೇ. ಅವರಿಗೆ ಅನ್ನ ಬೇಯಿಸಿದವರು, ಬಟ್ಟೆ ಒಗೆದವರು ಎಲ್ಲಿದ್ದರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ವಜ್ರದ ಹೊಲ

ಮೂರನೆಯದು ಒಂದು ಭಾಷಣ. ರಸೆಲ್ ಕಾನ್‌ವೆಲ್ ಎಂಬ ಬ್ಯಾಪ್ಟಿಸ್ಟ್ ಸಭಾಪಾಲಕರು ಅಮೆರಿಕದಲ್ಲಿ ಅದನ್ನು 6,000ಕ್ಕೂ ಹೆಚ್ಚು ಸಲ ಮಾಡಿದರು. ಹೆಸರು 'ವಜ್ರಗಳ ಎಕರೆಗಳು'. ಕಥೆ ಹೀಗೆ: ಸಿಂಧೂ ನದಿಯ ಹತ್ತಿರ ಒಬ್ಬ ರೈತ ವಜ್ರದ ಆಸೆಗೆ ಹೊಲ ಮಾರಿ ದೇಶದೇಶ ಅಲೆದು, ಕೊನೆಗೆ ನಿರಾಶೆಯಿಂದ ಸಮುದ್ರಕ್ಕೆ ಬಿದ್ದು ಸತ್ತ. ಅವನು ಮಾರಿದ ಹೊಲದಲ್ಲೇ ಹೊಸ ಯಜಮಾನನಿಗೆ ವಜ್ರ ಸಿಕ್ಕಿತು. ಗೋಲ್ಕೊಂಡದ ಗಣಿ ಹೀಗೆ ಸಿಕ್ಕಿತೆಂದು ಅವರು ಹೇಳುತ್ತಿದ್ದರು. ನೀತಿ: ಸಂಪತ್ತು ದೂರದಲ್ಲಿಲ್ಲ, ನಿನ್ನ ಕಾಲಡಿಯಲ್ಲೇ ಇದೆ.

ಕಥೆ ಕೇಳಲು ಚೆನ್ನ. ಆದರೆ ಗೋಲ್ಕೊಂಡದ ವಜ್ರಗಳು ಬಂದದ್ದು ನಮ್ಮ ನೆರೆಯ ಆಂಧ್ರದ ನೆಲದಿಂದ. ಸಿಂಧೂ ನದಿಗೂ ಅದಕ್ಕೂ ಬಹಳ ದೂರ. ಕೃಷ್ಣಾ ನದಿಯ ದಡದ ಕೊಲ್ಲೂರು ಗಣಿಯನ್ನು 17ನೆಯ ಶತಮಾನದಲ್ಲಿ ಟಾವರ್ನಿಯೆ ಎಂಬ ಫ್ರೆಂಚ್ ವ್ಯಾಪಾರಿ ಕಣ್ಣಾರೆ ಕಂಡು ಬರೆದ. ಅಲ್ಲಿ ಸುಮಾರು 60,000 ಜನ ದುಡಿಯುತ್ತಿದ್ದರು. ಗಂಡಸರು ಅಗೆಯುವುದು, ಹೆಂಗಸರು ಮಕ್ಕಳು ಮಣ್ಣು ಹೊರುವುದು. ಇನ್ನೊಂದು ಗಣಿಯ ಬಗ್ಗೆ ಅವನು ಹೇಳುತ್ತಾನೆ: ಕೆಲಸ ಚೆನ್ನಾಗಿ ಬಲ್ಲವನಿಗೂ ವರ್ಷಕ್ಕೆ ಸಿಗುತ್ತಿದ್ದದ್ದು ಮೂರು ವರಹ. ಅವರ ಕಾಲಡಿಯಲ್ಲಿ ವಜ್ರ ಇದ್ದದ್ದು ನಿಜ, ಕೈಯಲ್ಲಿ ಹಿಡಿದದ್ದೂ ನಿಜ. ಶ್ರೀಮಂತರಾದವರು ಬೇರೆಯವರು. ಇಂದಿಗೂ ಅನಂತಪುರ ಜಿಲ್ಲೆಯ ವಜ್ರಕರೂರಿನ ಸುತ್ತ ಮೊದಲ ಮಳೆ ಬಿದ್ದ ಮೇಲೆ ಜನ ಬಗ್ಗಿ ಬಗ್ಗಿ ಹೊಲಗಳಲ್ಲಿ ಕಲ್ಲು ಹುಡುಕುತ್ತಾರೆ. ಸಿಗುವುದು ಎಲ್ಲೋ ಒಬ್ಬಿಬ್ಬರಿಗೆ.

ನಮ್ಮ ತೋಟದ ಮಾತೂ ಇದೇ ಅಲ್ಲವೇ? ಟೀ ಗಿಡಕ್ಕೆ ಹಸಿರು ಚಿನ್ನವೆಂದು ಹೆಸರಿಟ್ಟಿದ್ದಾರೆ. ಆ ಚಿನ್ನವನ್ನು ದಿನವೂ ಬೆರಳಿನಿಂದ ಮುಟ್ಟುವವರು ನಾವು. ಸಂಪತ್ತು ಎಲ್ಲಿದೆ ಎಂಬ ಪ್ರಶ್ನೆಯ ಜೊತೆಗೆ ಅದು ಯಾರದು ಎಂಬ ಪ್ರಶ್ನೆಯನ್ನೂ ಕೇಳಬೇಕು. ಕಾನ್‌ವೆಲ್ ಅವರ ಭಾಷಣ ಎರಡನೆಯದನ್ನು ಕೇಳಲಿಲ್ಲ. ಬಡವರಲ್ಲಿ ಹೆಚ್ಚಿನವರು ತಮ್ಮ ಕೊರತೆಯಿಂದಲೇ ಬಡವರಾದವರು ಎಂಬ ಅರ್ಥ ಬರುವಂತೆ ಅವರು ಮಾತನಾಡಿದರು. ನ್ಯಾಯಕ್ಕಾಗಿ ಇನ್ನೊಂದನ್ನೂ ಹೇಳಬೇಕು: ಹಗಲು ದುಡಿಯುವ ಯುವಕರಿಗಾಗಿ ಅವರು 1884ರಲ್ಲಿ ರಾತ್ರಿ ಪಾಠ ಶುರುಮಾಡಿದರು. ಅದೇ ಬೆಳೆದು ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯವಾಯಿತು. ಭಾಷಣದ ಸಂಪಾದನೆಯಿಂದ ಬಡ ವಿದ್ಯಾರ್ಥಿಗಳಿಗೆ ನೆರವು ಕೊಟ್ಟರು. ಅವರ ಭಾಷಣಕ್ಕಿಂತ ಅವರ ರಾತ್ರಿ ಶಾಲೆ ದೊಡ್ಡದು ಎಂದು ನಾವು ಎಣಿಸುತ್ತೇವೆ.

ಬಾಬಿಲೋನಿನ ಲೆಕ್ಕ

ನಾಲ್ಕನೆಯದು ಜಾರ್ಜ್ ಕ್ಲಾಸನ್ ಎಂಬಾತ ಬರೆದ 'ಬಾಬಿಲೋನಿನ ಅತಿ ಶ್ರೀಮಂತ'. 1926ರ ಕಾಲದ್ದು. ಮೊದಲು ಚಿಕ್ಕ ಚಿಕ್ಕ ಕರಪತ್ರಗಳಾಗಿ ಬಂದ ಈ ಕಥೆಗಳನ್ನು ಅಮೆರಿಕದ ಬ್ಯಾಂಕುಗಳು, ವಿಮಾ ಕಂಪನಿಗಳು ಜನರಿಗೆ ಹಂಚಿದವು. ಯಾರು ಹಂಚಿದರು ಎಂಬುದನ್ನು ನೆನಪಿನಲ್ಲಿಡಿ. ಆದರೂ ಇವುಗಳಲ್ಲಿ ನಮಗೆ ಹೆಚ್ಚು ಉಪಯೋಗದ ಪುಸ್ತಕ ಇದೇ.

ಅದರ ಮೊದಲ ಪಾಠ: ಗಳಿಸಿದ್ದರಲ್ಲಿ ಹತ್ತನೆಯ ಒಂದು ಪಾಲನ್ನು ಮೊದಲು ತೆಗೆದಿಡು. ಎರಡನೆಯದು ಸಾಲಗಾರನಿಗೆ: ಹತ್ತರಲ್ಲಿ ಏಳು ಪಾಲು ಮನೆಗೆ, ಎರಡು ಪಾಲು ಸಾಲಕ್ಕೆ, ಒಂದು ಪಾಲು ಉಳಿತಾಯಕ್ಕೆ. ಮೂರನೆಯದು ಒಂದು ಕಥೆ. ಅರ್ಕಾದ್ ಎಂಬವನು ಒಂದು ವರ್ಷ ಉಳಿಸಿದ ಹಣವನ್ನು ಒಬ್ಬ ಇಟ್ಟಿಗೆ ಮಾಡುವವನ ಕೈಗೆ ಕೊಟ್ಟು, ದೂರದೇಶದಿಂದ ರತ್ನ ತರಲು ಕಳಿಸಿದ. ಇಟ್ಟಿಗೆಯವನಿಗೆ ರತ್ನದ ಗುಣ ಏನು ಗೊತ್ತು? ಅವನಿಗೆ ವ್ಯಾಪಾರಿಗಳು ಗಾಜಿನ ಚೂರು ಮಾರಿದರು. ಇಟ್ಟಿಗೆ ಬೇಕಾದರೆ ಇಟ್ಟಿಗೆಯವನನ್ನು ಕೇಳು, ರತ್ನಕ್ಕೆ ರತ್ನ ಬಲ್ಲವನನ್ನು ಕೇಳು ಎಂಬುದು ಇದರ ಸಾರ. ಈ ಕಥೆಗೆ ಆಮೇಲೆ ಮತ್ತೆ ಬರುತ್ತೇವೆ.

ಈಗ ಲೆಕ್ಕ ಹಾಕೋಣ. ಒಂದು ಮನೆಗೆ ತಿಂಗಳಿಗೆ 12,000 ರೂಪಾಯಿ ಬರುತ್ತದೆಂದು ಇಟ್ಟುಕೊಳ್ಳಿ. ಏಳು ಪಾಲು ಅಂದರೆ 8,400. ಸಾಲಕ್ಕೆ 2,400. ಉಳಿತಾಯ 1,200. ಕಾಗದದ ಮೇಲೆ ಸರಿಯಾಗಿದೆ. ಆದರೆ ಅಕ್ಕಿ, ಎಣ್ಣೆ, ಸೌದೆ ಅಥವಾ ಗ್ಯಾಸ್, ಮಕ್ಕಳ ಬಸ್ಸಿನ ಹಣ, ಅಜ್ಜಿಯ ಮಾತ್ರೆ, ಊರಿನಲ್ಲೊಂದು ಮದುವೆ, ಇನ್ನೊಂದು ಸಾವು ಇವೆಲ್ಲ 8,400ರಲ್ಲಿ ಮುಗಿಯುವ ಮನೆ ಎಷ್ಟಿವೆ? ಡಿಸೆಂಬರ್, ಜನವರಿಯಲ್ಲಿ ಹಿಮ ಬಿದ್ದು ಎಲೆ ಸುಟ್ಟಾಗ, ಬೇಸಿಗೆಯಲ್ಲಿ ಚಿಗುರು ಬಾರದಾಗ ದಿನಗಳೇ ಕಡಿಮೆ. ಆಗ 12,000 ಎಂಬ ಮೊದಲ ಸಂಖ್ಯೆಯೇ ನಿಲ್ಲುವುದಿಲ್ಲ. ಹತ್ತನೆಯ ಪಾಲು ತೆಗೆಯುವುದು ಒಳ್ಳೆಯ ಅಭ್ಯಾಸ. ಆ ಹತ್ತು ಪಾಲು ಎಷ್ಟು ದೊಡ್ಡದು ಎಂಬುದನ್ನು ಮಾತ್ರ ಪುಸ್ತಕ ತೀರ್ಮಾನಿಸುವುದಿಲ್ಲ, ಕೂಲಿಯ ದರ ತೀರ್ಮಾನಿಸುತ್ತದೆ.

ಇನ್ನೊಂದು ಮಾತು. ಬಾಬಿಲೋನೆಂದರೆ ಈ ಪುಸ್ತಕಕ್ಕೆ ಚಿನ್ನದ ಪಟ್ಟಣ. ಸತ್ಯವೇದ ಓದಿದ ನಮಗೆ ಅದು ಸೆರೆಯ ನಾಡು, ಹಿಡಿದೊಯ್ದ ಜನ ನದಿಯ ದಡದಲ್ಲಿ ಕೂತು ಅತ್ತ ನಾಡು. ಗೋಡೆಗೆ ಇಟ್ಟಿಗೆ ಹೊತ್ತ ಗುಲಾಮರು ಈ ಪುಸ್ತಕದಲ್ಲಿಯೂ ಬರುತ್ತಾರೆ; ಆದರೆ ಅವರಲ್ಲಿ ಬಿಡುಗಡೆ ಹೊಂದಿದ ಒಬ್ಬಿಬ್ಬರ ಕಥೆಯೇ ಕಥೆ. ಉಳಿದವರು ಇಟ್ಟಿಗೆ ಹೊರುತ್ತಲೇ ಇರುತ್ತಾರೆ.

ಯೋಚನೆ ಮಾಡಿದರೆ ಸಾಕೇ?

ಕೊನೆಯದು ನೆಪೋಲಿಯನ್ ಹಿಲ್ ಬರೆದ, 1937ರಲ್ಲಿ ಬಂದ 'ಯೋಚಿಸಿ, ಶ್ರೀಮಂತರಾಗಿ' ಎಂಬ ಪುಸ್ತಕ. ಬಲವಾದ ಆಸೆ, ನಂಬಿಕೆ, ದಿನವೂ ಬಾಯಿಬಿಟ್ಟು ಹೇಳಿಕೊಳ್ಳುವ ಗುರಿ ಇವಿದ್ದರೆ ಹಣ ಬಂದೇ ಬರುತ್ತದೆ ಎಂಬುದು ಅದರ ಉಪದೇಶ. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯೇ 1908ರಲ್ಲಿ ತನಗೆ ಈ ಗುಟ್ಟು ಹೇಳಿದ ಎಂದು ಹಿಲ್ ಬರೆದ. ಇದಕ್ಕೆ ಹಿಲ್‌ನ ಮಾತಿನ ಹೊರತು ಬೇರೆ ಸಾಕ್ಷಿ ಸಿಕ್ಕಿಲ್ಲ. ಕಾರ್ನೆಗಿ 1919ರಲ್ಲೇ ತೀರಿಕೊಂಡಿದ್ದ.

ಆ ಪುಸ್ತಕ ಬಂದ ಕಾಲವನ್ನು ನೋಡಿ. 1929ರಲ್ಲಿ ಅಮೆರಿಕದ ಪೇಟೆ ಕುಸಿಯಿತು. 1933ರಲ್ಲಿ ಅಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ನಾಲ್ಕು ವರ್ಷದೊಳಗೆ ಅಷ್ಟು ಲಕ್ಷ ಜನರ ಯೋಚನೆ ಒಟ್ಟಿಗೇ ಕೆಟ್ಟುಹೋಯಿತೇ? ನಮ್ಮ ಕಡೆಗೂ ಬನ್ನಿ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ನೀಲಗಿರಿ ಟೀಯ ದೊಡ್ಡ ಪೇಟೆ ಅಲುಗಿತು. 1990ರ ದಶಕದ ಕೊನೆಗೆ ಹಸಿರೆಲೆಯ ಬೆಲೆ ಬಿತ್ತು. ಕೇರಳದ ಪೀರುಮೇಡಿನಲ್ಲಿ ತೋಟಗಳೇ ಮುಚ್ಚಿದವು. ಎಲೆ ಕೀಳುವ ತಾಯಂದಿರ ಬೆರಳು ನಿಧಾನವಾಯಿತೆಂದು ಮುಚ್ಚಲಿಲ್ಲ. ಅವರ ನಂಬಿಕೆ ಸಾಲದೆಂದೂ ಮುಚ್ಚಲಿಲ್ಲ.

ಕಾರ್ನೆಗಿಯ ಮಾತನ್ನೂ ಪೂರ್ತಿ ಕೇಳಬೇಕು. ಅವನು ನೇಕಾರನ ಮಗ. ಹದಿಮೂರು ವರ್ಷದ ಹುಡುಗನಾಗಿ ವಾರಕ್ಕೆ 1 ಡಾಲರ್ 20 ಸೆಂಟ್ ಕೂಲಿಗೆ ಹತ್ತಿ ಗಿರಣಿಯಲ್ಲಿ ದುಡಿದವನು. ಶ್ರೀಮಂತನಾಗಿ ಸಾಯುವುದು ಅವಮಾನವೆಂದು ಸಾರಿ, 2,500ಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಹಣ ಕೊಟ್ಟ. ಅದೇ ಮನುಷ್ಯನ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ 1892ರಲ್ಲಿ ಕೂಲಿ ಇಳಿಸಲು ಹೊರಟಾಗ ಕಾರ್ಮಿಕರು ಎದುರು ನಿಂತರು. ಕಂಪನಿ ಬಂದೂಕಿನ ಕಾವಲುಗಾರರನ್ನು ತರಿಸಿತು. ಜುಲೈ 6ರಂದು ಎರಡು ಕಡೆಯೂ ಹೆಣ ಬಿದ್ದವು. ಸಂಘ ಮುರಿಯಿತು. ಅಲ್ಲಿನ ಉಕ್ಕಿನ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆಯ ದುಡಿಮೆ 1923ರವರೆಗೂ ನಡೆಯಿತು. ಹನ್ನೆರಡು ಗಂಟೆ ಕುಲುಮೆಯ ಮುಂದೆ ನಿಂತವನು ಗ್ರಂಥಾಲಯಕ್ಕೆ ಯಾವಾಗ ಹೋಗಬೇಕು? ಅವನ ಕೂಲಿಯಿಂದ ಇಳಿಸಿದ ಹಣಕ್ಕೂ ಆ ಗ್ರಂಥಾಲಯದ ಇಟ್ಟಿಗೆಗೂ ಇದ್ದ ಸಂಬಂಧವನ್ನು ಯಾವ ಹಣದ ಪುಸ್ತಕವೂ ಬಿಡಿಸಿ ಹೇಳುವುದಿಲ್ಲ.

ಜನ ಏಕೆ ಓದುತ್ತಾರೆ?

ಇಷ್ಟಾದರೂ ಈ ಪುಸ್ತಕಗಳನ್ನು ಜನ ಬಿಡುವುದಿಲ್ಲ. ಏಕೆಂದು ಕೋಪವಿಲ್ಲದೆ ವಿಚಾರಿಸೋಣ.

ಒಂದು, ಇವು ಬಡವನನ್ನು ಮನುಷ್ಯನೆಂದು ಮಾತನಾಡಿಸುತ್ತವೆ. ಚೆಕ್‌ರೋಲಿನಲ್ಲಿ ನಮ್ಮ ಹುಡುಗ ಒಂದು ನಂಬರು. ಪುಸ್ತಕ ಅವನಿಗೆ ನೀನು ಬೆಲೆಯುಳ್ಳವನು ಎನ್ನುತ್ತದೆ. ಈ ಮಾತನ್ನು ಅವನಿಗೆ ಮನೆಯಲ್ಲಿ, ಸಭೆಯಲ್ಲಿ, ಸಂಘದಲ್ಲಿ ನಾವು ಹೇಳಬೇಕಿತ್ತು. ನಾವು ಹೇಳದ ಕಡೆ ಪುಸ್ತಕ ಹೇಳುತ್ತದೆ.

ಎರಡು, ನಾಳೆ ಬೆಳಿಗ್ಗೆಯೇ ಮಾಡಬಹುದಾದ ಕೆಲಸವನ್ನು ಇವು ತೋರಿಸುತ್ತವೆ. ಬೇಗ ಏಳು, ಖರ್ಚು ಬರೆದಿಡು, ಕುಡಿತ ಬಿಡು, ಸಾಲ ಮಾಡಬೇಡ. ಕುಡಿತದಿಂದ ಕೆಟ್ಟ ಮನೆಗಳನ್ನು ಕಂಡ ನಾವು ಇದನ್ನು ಹಗುರವಾಗಿ ತಳ್ಳಲಾಗದು. ದೊಡ್ಡ ಬದಲಾವಣೆ ಬರುವವರೆಗೂ ಮನೆ ನಡೆಯಬೇಕಲ್ಲ.

ಮೂರು, ಇವು ಕಥೆಯಾಗಿ ಹೇಳುತ್ತವೆ. ಅರ್ಥಶಾಸ್ತ್ರದ ಪುಸ್ತಕ ಓದಿ ತಲೆನೋವು ಬಂದವನಿಗೂ ಅರ್ಕಾದನ ಗಾಜಿನ ಚೂರು ಮರೆಯುವುದಿಲ್ಲ.

ನಾಲ್ಕು, ಕೆಲವರು ನಿಜವಾಗಿಯೂ ಮೇಲೆ ಬಂದಿದ್ದಾರೆ. ಅವರು ಕಣ್ಣಿಗೆ ಕಾಣುತ್ತಾರೆ. ಅದೇ ಪುಸ್ತಕ ಓದಿ, ಅಷ್ಟೇ ದುಡಿದು, ಮೇಲೆ ಬಾರದೆ ಉಳಿದ ಸಾವಿರ ಜನರ ಬಗ್ಗೆ ಪುಸ್ತಕ ಬರೆಯುವವರಿಲ್ಲ.

ಎಲ್ಲಿ ತಪ್ಪುತ್ತವೆ?

ದೊಡ್ಡ ತಪ್ಪು ಒಂದಿದೆ. ಗೆದ್ದರೆ ನಿನ್ನಿಂದ ಎಂದ ಮೇಲೆ ಸೋತರೂ ನಿನ್ನಿಂದಲೇ ಎಂದಾಗುತ್ತದೆ. ಈ ಮಾತನ್ನು ನುಂಗಿದ ಹುಡುಗ ಕೆಲಸ ಸಿಗದಾಗ ಯಾರೊಡನೆಯೂ ಹೇಳದೆ ಒಳಗೇ ಕುಗ್ಗುತ್ತಾನೆ. ಯೋಬನ ಸ್ನೇಹಿತರು ಮಾಡಿದ್ದು ಇದನ್ನೇ. ಮಕ್ಕಳು, ದನಕರು, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನಿಗೆ, ನಿನ್ನಲ್ಲೇ ಏನೋ ದೋಷವಿರಬೇಕು ಎಂದು ಮೇಲಿಂದ ಮೇಲೆ ಹೇಳಿದರು. ದೇವರು ಕೊನೆಗೆ ಗದರಿಸಿದ್ದು ಯೋಬನ ಆ ಸ್ನೇಹಿತರನ್ನು. ಬಡವನ ಗಾಯಕ್ಕೆ ಬಡವನನ್ನೇ ಹೊಣೆಮಾಡುವ ಉಪದೇಶ ಯಾವ ವೇದಿಕೆಯಿಂದ ಬಂದರೂ ನಾವು ಈ ಅಧ್ಯಾಯಗಳನ್ನು ನೆನೆಯಬೇಕು. ಕೂಲಿಯವನ ಕೂಲಿ ಹೊತ್ತು ಮುಳುಗುವುದರೊಳಗೆ ಕೈಸೇರಬೇಕೆಂದು ಮೋಶೆಯ ಧರ್ಮಶಾಸ್ತ್ರ ಆಜ್ಞೆ ಕೊಟ್ಟದ್ದು ಕೂಲಿ ಕೊಡುವವನಿಗೆ.

ಎರಡನೆಯ ತಪ್ಪು, ಈ ಆಸೆಯ ಮೇಲೆ ಬೇರೆಯವರು ಬಲೆ ಬೀಸುತ್ತಾರೆ. ಒಂದು ಹಾಲಿನಲ್ಲಿ ಜನರನ್ನು ಕೂಡಿಸಿ, ಚಪ್ಪಾಳೆ ತಟ್ಟಿಸಿ, ಇದೇ ಪುಸ್ತಕಗಳ ಮಾತು ಹೇಳಿ, ಕೊನೆಗೆ ಹಣ ಕಟ್ಟಿ ಸೇರಿರಿ, ಆರು ಜನರನ್ನು ತನ್ನಿರಿ ಎನ್ನುತ್ತಾರೆ. ಆರು ಜನ ತಲಾ ಆರು ಜನರನ್ನು ತಂದರೆ 36. ಅವರು ತಂದರೆ 216. ಹೀಗೆ ಹನ್ನೆರಡನೆಯ ಮೆಟ್ಟಿಲಿಗೆ 217 ಕೋಟಿ ಜನ ಬೇಕು. ಭಾರತದಲ್ಲಿ ಅಷ್ಟು ಜನವೇ ಇಲ್ಲ. ಹದಿಮೂರನೆಯದಕ್ಕೆ ಲೋಕದ ಜನವೂ ಸಾಲದು. ಅಂದರೆ ಕೊನೆಗೆ ಸೇರಿದವರ ಹಣ ಹೋಗುವುದು ಲೆಕ್ಕದಲ್ಲೇ ಬರೆದಿದೆ. ಕೊನೆಗೆ ಸೇರುವವರು ಯಾರು? ಸುದ್ದಿ ತಡವಾಗಿ ಮುಟ್ಟುವ ಪಾಡಿಯವರು. ಇಂಥ ಹಣ ಸುತ್ತಿಸುವ ಯೋಜನೆಗಳನ್ನು ನಿಷೇಧಿಸಿ 1978ರಲ್ಲೇ ಕಾಯಿದೆ ಬಂದಿದೆ. 2021ರ ನೇರ ಮಾರಾಟದ ನಿಯಮಗಳೂ ಈ ಸರಪಳಿಯನ್ನು ತಡೆದಿವೆ. ಸೇರಿಸಿಕೊಂಡವನು ನಮ್ಮ ಭಾವನೋ ಚಿಕ್ಕಪ್ಪನ ಮಗನೋ ಆಗಿರುವುದರಿಂದ ಹಣ ಹೋದ ಮೇಲೆ ನೆಂಟಸ್ತಿಕೆಯೂ ಹೋಗುತ್ತದೆ. ಅರ್ಕಾದನ ಕಥೆಯನ್ನು ಇಲ್ಲಿ ಉಪಯೋಗಿಸಿ: ಈ ರತ್ನ ತರುವವನಿಗೆ ರತ್ನ ಗೊತ್ತೇ ಎಂದು ಕೇಳಿರಿ.

ಮೂರನೆಯ ತಪ್ಪು, ಇವು ಒಬ್ಬನೇ ಏರುವ ಏಣಿಯನ್ನು ಮಾತ್ರ ತೋರಿಸುತ್ತವೆ. ನಮ್ಮ ಬಾಳಿನಲ್ಲಿ ಬಂದ ಒಳಿತು ಎಲ್ಲಿಂದ ಬಂತೆಂದು ಎಣಿಸಿ. 1951ರ ತೋಟ ಕಾರ್ಮಿಕರ ಕಾಯಿದೆ ಮನೆ, ಆಸ್ಪತ್ರೆ, ಮಕ್ಕಳ ತೊಟ್ಟಿಲು ಮನೆಗಳನ್ನು ಮಾಲೀಕನ ಕರ್ತವ್ಯವಾಗಿ ಮಾಡಿತು. 1976ರ ಕಾಯಿದೆ ಹೆಣ್ಣಿಗೂ ಗಂಡಿಗೂ ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂದಿತು. ಇವನ್ನು ಯಾರೂ ಒಬ್ಬನೇ ಯೋಚಿಸಿ ಪಡೆಯಲಿಲ್ಲ. 2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನ ಎಲೆ ಕೀಳುವ ಹೆಂಗಸರು 'ಪೆಂಬಿಳೈ ಒರುಮೈ', ಹೆಣ್ಣುಮಕ್ಕಳ ಒಗ್ಗಟ್ಟು, ಎಂಬ ಹೆಸರಿನಲ್ಲಿ ರಸ್ತೆಯಲ್ಲಿ ಕೂತರು. ಇಳಿಸಿದ್ದ ಬೋನಸ್ಸಿನ ಬದಲು ಬೇರೆ ಪರಿಹಾರವೂ ಸೇರಿ 20 ಶೇಕಡ ಪಡೆದರು. 232 ರೂಪಾಯಿ ದಿನಗೂಲಿಯನ್ನು 500 ಮಾಡಿರೆಂದು ಕೇಳಿದರು. ಮಾತುಕತೆಯಲ್ಲಿ ಬಂದದ್ದು 301. ಕೇಳಿದ್ದೆಲ್ಲ ಸಿಗಲಿಲ್ಲ. ಆದರೆ ಸಿಕ್ಕಿದ್ದು ಪಕ್ಕದ ಪಾಡಿಗೂ ಸಿಕ್ಕಿತು, ದುರ್ಬಲಳಿಗೂ ಸಿಕ್ಕಿತು.

ಸ್ವಸಹಾಯ ಎಂಬ ಮಾತು ನಮ್ಮಲ್ಲಿ

ಸ್ಮೈಲ್ಸನ ಅದೇ ಮಾತಿಗೆ ನಮ್ಮ ಹಳ್ಳಿ, ಪಾಡಿಗಳಲ್ಲಿ ಈಗ ಬೇರೆ ಅರ್ಥ. ಸ್ವಸಹಾಯ ಸಂಘವೆಂದರೆ ಹತ್ತರಿಂದ ಇಪ್ಪತ್ತು ಹೆಂಗಸರು ಸೇರಿ ವಾರವಾರ ಹಣ ಹಾಕಿ, ಕಷ್ಟ ಬಂದವಳಿಗೆ ಮೊದಲು ಕೊಡುವ ಕೂಟ. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. ಇಂದು ಅವು ದೇಶದ ತುಂಬ ಇವೆ. ಕೇರಳದಲ್ಲಿ 1998ರಿಂದ ಕುಟುಂಬಶ್ರೀ ನಡೆಯುತ್ತಿದೆ. ಇದರ ಬೇರು ಹಳೆಯದು. ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ 1844ರಲ್ಲಿ 28 ಮಂದಿ, ನೇಕಾರರೂ ಬೇರೆ ಕಸುಬಿನವರೂ, 28 ಪೌಂಡ್ ಸೇರಿಸಿ ಅಂಗಡಿ ತೆರೆದರು. ಇಟ್ಟ ಸಾಮಾನು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಮೇಣದ ಬತ್ತಿ. ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ, ಒಬ್ಬನಿಗೆ ಒಂದೇ ಓಟು. ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು, ಭಾರತದ ಮೊದಮೊದಲ ಇಂಥ ಸಂಘಗಳಲ್ಲಿ ಅದೂ ಒಂದು.

ಸಂಘಗಳಲ್ಲೂ ಕೊರತೆಗಳುಂಟು. ಲೆಕ್ಕ ಬರೆಯುವವಳು ಒಬ್ಬಳೇ ಆದರೆ ಅನುಮಾನ ಬೆಳೆಯುತ್ತದೆ. ಸಂಘದ ಹೆಸರಿನಲ್ಲಿ ನಾಲ್ಕು ಕಡೆ ಸಾಲ ತೆಗೆದ ಮನೆಗಳು ಕುಸಿದಿವೆ. ಆದ್ದರಿಂದ ಸಂಘಕ್ಕೂ ಪುಸ್ತಕದ ಶಿಸ್ತು ಬೇಕು. ಪುಸ್ತಕ ಓದಿದವನಿಗೂ ಸಂಘದ ಬಲ ಬೇಕು.

ನಾವು ಮಾಡಬಹುದಾದದ್ದು

ಮೊದಲನೆಯದು, ಪ್ರತಿ ಮನೆಯಲ್ಲೂ ಒಂದು ಲೆಕ್ಕದ ಪುಸ್ತಕ ಇರಲಿ. ಬಂದದ್ದು, ಹೋದದ್ದು ಬರೆಯಿರಿ. ಕೂಲಿ ಮಾತುಕತೆಯ ದಿನ ಈ ಪುಸ್ತಕಗಳೇ ಸಾಕ್ಷಿಯಾಗುತ್ತವೆ.

ಎರಡನೆಯದು, ಉಳಿತಾಯಕ್ಕಿಂತ ಮೊದಲು ಬಡ್ಡಿ ನೋಡಿ. ನೂರಕ್ಕೆ ತಿಂಗಳಿಗೆ 5 ರೂಪಾಯಿಯಂತೆ 10,000 ಸಾಲವಿದ್ದರೆ ತಿಂಗಳಿಗೆ 500, ವರ್ಷಕ್ಕೆ 6,000 ಬಡ್ಡಿ. ಅಸಲು ಹಾಗೇ ನಿಂತಿರುತ್ತದೆ. ಇಂಥ ಸಾಲವಿದ್ದಾಗ ಬ್ಯಾಂಕಿನಲ್ಲಿ ಹಣ ಕೂಡಿಡುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಸಂಘದ ಕಡಿಮೆ ಬಡ್ಡಿಯ ಹಣದಿಂದ ಅದನ್ನು ಮೊದಲು ತೀರಿಸಿರಿ.

ಮೂರನೆಯದು, ಪಿ.ಎಫ್. ಮತ್ತು ಗ್ರಾಚ್ಯುಯಿಟಿ ನಮ್ಮದೇ ಹಣ. ವರ್ಷಕ್ಕೊಮ್ಮೆಯಾದರೂ ಓದುಬಲ್ಲ ಮಕ್ಕಳನ್ನು ಕೂರಿಸಿಕೊಂಡು ಹೆಸರು, ಹುಟ್ಟಿದ ತಾರೀಕು, ಕಟ್ಟಿದ ಮೊತ್ತ ಸರಿಯಿದೆಯೇ ನೋಡಿರಿ.

ನಾಲ್ಕನೆಯದು, ಹಣ ಕಟ್ಟಿ ಎಂದು ಯಾರೇ ಬಂದರೂ ಆ ದಿನವೇ ಕೊಡಬೇಡಿ. ಕೂಟಕ್ಕೆ ತಂದು ಎಲ್ಲರ ಮುಂದೆ ಇಡಿ. ಎಲ್ಲರ ಮುಂದೆ ಹೇಳಲಾರದ ಯೋಜನೆಗೆ ನಮ್ಮ ಬೆವರು ಬೇಡ.

ಐದನೆಯದು, ಆ ಹಣದ ಪುಸ್ತಕಗಳನ್ನು ಒಟ್ಟಿಗೆ ಕೂತು ಓದೋಣ. ತಿಂಗಳಿಗೊಂದು ಅಧ್ಯಾಯ. ಓದುವವರು ಮಕ್ಕಳು, ಪ್ರಶ್ನೆ ಕೇಳುವವರು ತಾಯಂದಿರು. ಲೀಡ್ಸಿನ ಹುಡುಗರಿಗೆ ಕಾಲರಾ ಕೋಣೆ ಸಾಕಾಯಿತು. ನಮಗೆ ಈ ಜಗಲಿ ಇದೆ.

ಮಕ್ಕಳು ನಮಗಿಂತ ಮುಂದೆ ಹೋಗಲಿ ಎಂಬುದೇ ನಮ್ಮೆಲ್ಲರ ಆಸೆ. ಹೋಗುವವರು ಹೋಗಲಿ, ಸಂತೋಷವೇ. ಬೆಟ್ಟದಲ್ಲಿ ಉಳಿದು ಎಲೆ ಕೀಳುವವರೂ ಸೋತವರಲ್ಲ ಎಂದು ತಿಳಿದೇ ಹೋಗಲಿ. ಎಲೆ ಕೀಳುವ ಕೈಗೆ ನ್ಯಾಯವಾದ ಕೂಲಿ ಸಿಗುವುದೂ ಸಂಪತ್ತಿನ ಮಾತೇ. ಅದರ ಬಗ್ಗೆ ಒಂದು ಅಧ್ಯಾಯ ಆ ಪುಸ್ತಕಗಳಲ್ಲಿ ಇಲ್ಲದಿದ್ದರೆ ಅದನ್ನು ನಾವು ಸೇರಿಸೋಣ. ಮುಂದಿನ ಕೂಟಕ್ಕೆ ಬರುವಾಗ ಪ್ರತಿ ಮನೆಯವರೂ ಒಂದು ವಾರದ ಲೆಕ್ಕ ಬರೆದು ತನ್ನಿರಿ. ಅಲ್ಲಿಂದಲೇ ಮಾತು ಮುಂದುವರಿಸೋಣ.